ಹೆಣದ ಮುಂದೆ ನಡೆಯುವವನು

ರೋಮಿನಲ್ಲಿ ದೊಡ್ಡ ಮನುಷ್ಯರು ತಾವಾಗಿ ಸಾಯುವುದಿಲ್ಲ, ಯಾರೋ ಸಾಯಿಸಿರುತ್ತಾರೆ ಎಂಬುದು ನಮ್ಮೂರವರ ಗಟ್ಟಿ ನಂಬಿಕೆ. ಹಲ್ಲೆಲ್ಲ ಉದುರಿದ ಮುದುಕ ತನ್ನ ಹಾಸಿಗೆಯಲ್ಲೇ ಕಣ್ಣು ಮುಚ್ಚಿದರೂ ಬೀದಿ ಮೂಲೆಯ ಹೆಂಡದಂಗಡಿಯಲ್ಲಿ ನಾಲ್ಕು ತಲೆ ಹತ್ತಿರ ಸೇರುತ್ತವೆ. ಅಡುಗೆಯವನಿಗೆ ಹೊಸ ಅಂಗಿ ಎಲ್ಲಿಂದ ಬಂತು, ಸೊಸೆ ಅತ್ತದ್ದು ನಿಜವಾದ ಅಳುವೇ, ವೈದ್ಯ ಯಾಕೆ ಅಷ್ಟು ಬೇಗ ಹೊರಟುಹೋದ ಎಂದು ಶುರುವಾಗುತ್ತದೆ. ಇಂಥ ಊರಿನಲ್ಲಿ ಸಾಲ್ವಿಯಸ್ ಹಿಡಿದ ಕಸುಬು ನೆಮ್ಮದಿಯದೇನೂ ಆಗಿರಲಿಲ್ಲ.

ದೊಡ್ಡ ಮನೆತನದವನು ಸತ್ತರೆ ಅವನ ಹೆಣದ ಮುಂದೆ ಒಬ್ಬ ನಟ ನಡೆಯಬೇಕು. ಸತ್ತವನ ಮೇಣದ ಮುಖವಾಡ ಕಟ್ಟಿಕೊಂಡು, ಅವನದೇ ಟೋಗಾ ಹೊದ್ದು, ಅವನ ಹಾಗೇ ಹೆಜ್ಜೆ ಹಾಕಿ, ಕೆಮ್ಮಿ, ಬೈದು, ಮೊದಲು ಜನರನ್ನು ನಗಿಸಬೇಕು, ಆಮೇಲೆ ಅಳಿಸಬೇಕು. ಸತ್ತವನು ಜಿಪುಣನಾಗಿದ್ದರೆ ಜಿಪುಣತನವನ್ನೂ ಆಡಿ ತೋರಿಸಬಹುದು. ಆ ಒಂದು ದಿನ ಆ ನಟನ ಬಾಯಿಗೆ ಬೀಗವಿಲ್ಲ, ಏನು ಹೇಳಿದರೂ ಸತ್ತವನು ಹೇಳಿದ ಲೆಕ್ಕ. ಈ ಕೆಲಸದಲ್ಲಿ ಸಾಲ್ವಿಯಸ್‌ನನ್ನು ಮೀರಿಸಿದವರು ಅವನ ಕಾಲದಲ್ಲಿ ಇರಲಿಲ್ಲ. ಆದರೆ ಸತ್ತವನ ನಡಿಗೆಯನ್ನು ಸತ್ತ ಮೇಲೆ ಕಲಿಯುವುದಕ್ಕಾಗುವುದಿಲ್ಲವಲ್ಲ. ಬದುಕಿದ್ದಾಗಲೇ ನೋಡಿಟ್ಟುಕೊಳ್ಳಬೇಕು, ತೊಂದರೆಯೆಲ್ಲ ಇರುವುದು ಅಲ್ಲೇ.

ಊರ ನಡುವಿನ ಚೌಕವಾದ ಫೋರಂನಲ್ಲಿ ಸಾಲ್ವಿಯಸ್ ಯಾರನ್ನಾದರೂ ಎರಡನೇ ಸಲ ನೋಡಿದನೆಂದರೆ ಆ ಮನುಷ್ಯನ ಮುಖ ಇಳಿಯುತ್ತಿತ್ತು. ಕೆಲವರು ಪಕ್ಕಕ್ಕೆ ಉಗುಳುತ್ತಿದ್ದರು. ಕೆಲವರು ಟೋಗಾದ ಒಳಗೇ ಬೆರಳ ಸಂದಿಯಲ್ಲಿ ಹೆಬ್ಬೆರಳು ತೂರಿಸಿ ದೃಷ್ಟಿ ತೆಗೆದುಕೊಳ್ಳುತ್ತಿದ್ದರು. ಒಬ್ಬ ಸೆನೆಟರು ಒಂದು ಜಾಡಿ ಒಳ್ಳೆಯ ಮೀನಿನ ಸಾರು ಕಳಿಸಿ, ‘ದಯವಿಟ್ಟು ನನ್ನ ಕಡೆ ನೋಡಬೇಡ’ ಎಂದು ಆಳಿನ ಕೈಲಿ ಹೇಳಿಸಿದ್ದ. ಸಾಲ್ವಿಯಸ್ ಸಾರು ಉಂಡ, ನೋಡುವುದನ್ನು ಬಿಡಲಿಲ್ಲ.

ನೋಡುವುದು ಅವನಿಗೆ ಹುಟ್ಟಿನಿಂದ ಬಂದದ್ದು. ಕಾಪುವಾ ಎಂಬ ಊರಿನ ಒಂದು ಮನೆಯಲ್ಲಿ ಉಣ್ಣೆ ನೂಲುವ ಗುಲಾಮ ಹೆಂಗಸಿನ ಮಗ ಅವನು. ಒಡೆಯ ಮೆಟ್ಟಿಲಿಳಿಯುವ ಸದ್ದು ಕೇಳಿಯೇ ಇವತ್ತು ಏಟು ಬೀಳುತ್ತದೋ ಇಲ್ಲವೋ ಎಂದು ತಾಯಿಗೆ ಹೇಳುತ್ತಿದ್ದ. ಒಡೆಯ ನಗುತ್ತಾ ಬಂದರೂ ಹೆಗಲು ಬಿಗಿದಿದ್ದರೆ ಅಂದು ಯಾರದೋ ಬೆನ್ನಿಗೆ ಗ್ರಹಚಾರ. ಆಡುವ ಮಾತನ್ನು ನಂಬಬಾರದು, ಮೈಯನ್ನು ನಂಬಬೇಕು ಎಂಬುದು ಅವನಿಗೆ ಆಗಲೇ ತಲೆಗೆ ಹೋಗಿತ್ತು. ಆಳುಗಳನ್ನು ನಗಿಸಲು ಒಡೆಯನ ಹಾಗೆ ನಡೆದು ತೋರಿಸುವಾಗ ಸಿಕ್ಕಿಬಿದ್ದ. ಆ ಪುಣ್ಯಾತ್ಮ ಹೊಡೆಯುವ ಬದಲು ಅವನನ್ನು ಔತಣಗಳಲ್ಲಿ ಕುಣಿಸಿದ, ಸಾಯುವಾಗ ಉಯಿಲಿನಲ್ಲಿ ಬಿಡುಗಡೆಯನ್ನೂ ಬರೆದ. ಸಾಲ್ವಿಯಸ್ ಮೊದಲ ಸಲ ಹೆಣದ ಮುಂದೆ ನಡೆದದ್ದು ಆ ಒಡೆಯನಿಗಾಗಿಯೇ. ವಿಧವೆ ಕೂಗಿಕೊಂಡು ಅತ್ತಳಂತೆ. ಅದಾದ ಮೇಲೆ ರೋಮಿಗೆ ಬಂದ, ಬೀದಿ ನಾಟಕಗಳಲ್ಲಿ ಕೋಡಂಗಿಯಾದ, ಅಲ್ಲೇ ಜಗಳಗಂಟಿಯ ಪಾತ್ರ ಮಾಡುತ್ತಿದ್ದ ನೇವಿಯಾಳನ್ನು ಕಟ್ಟಿಕೊಂಡ. ಅವಳು ವೇಷ ಕಳಚಿದ ಮೇಲೂ ಪಾತ್ರ ಬಿಡುತ್ತಿರಲಿಲ್ಲ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಅವರಿದ್ದದ್ದು ಬಡವರ ಕೇರಿಯಾದ ಸುಬೂರಾದ ಇಕ್ಕಟ್ಟು ಓಣಿಯ ಮೇಲಂತಸ್ತಿನಲ್ಲಿ. ಒಂದು ವಸಂತದ ಮಧ್ಯಾಹ್ನ ಅಲ್ಲಿಗೆ ಡೆಸಿಮಸ್ ಕರ್ವೀಲಿಯಸ್ ಬಂದ. ಹಿಂದೆ ಆಳಿಲ್ಲ, ಮುಂದೆ ದಾರಿ ಬಿಡಿಸುವವನಿಲ್ಲ. ಆ ಬಿಸಿಲಿನಲ್ಲೂ ತಲೆ ತುಂಬ ಮುಸುಕು. ಕರ್ವೀಲಿಯಸ್‌ರಂಥ ದೊಡ್ಡ ಮನೆತನದ ಹುಡುಗ ಒಬ್ಬನೇ ಸುಬೂರಾದ ಮೆಟ್ಟಿಲು ಹತ್ತುತ್ತಾನೆಂದರೆ ಒಂದೋ ಹೆಣ್ಣಿನ ವಿಷಯ, ಇಲ್ಲವೇ ಅದಕ್ಕಿಂತ ಕೆಟ್ಟದ್ದು.

“ನಮ್ಮ ದೊಡ್ಡಪ್ಪ ಗೊತ್ತಲ್ಲ ನಿನಗೆ?” ಎಂದ.

“ಔಲಸ್ ಕರ್ವೀಲಿಯಸ್ ಯಾರಿಗೆ ಗೊತ್ತಿಲ್ಲ ಸ್ವಾಮಿ. ಹಿಸ್ಪಾನಿಯಾ ಗೆದ್ದು ಬಂದ ದಿನ ನಾವೂ ಬೀದೀಲಿ ನಿಂತು ಗಂಟಲು ಹರ್ಕೊಂಡಿದ್ವಿ.”

“ಅವರನ್ನ ಕಲ್ತ್ಕೋಬೇಕು ನೀನು. ನಡಿಗೆ, ದನಿ, ಬೈಯೋ ರೀತಿ, ಎಲ್ಲ. ಇವತ್ತಿಂದ್ಲೇ.”

“ಮೈಗೇನಾದ್ರೂ ಹುಷಾರಿಲ್ವಾ ದೊಡ್ಡೋರಿಗೆ?”

ಡೆಸಿಮಸ್ ಅವನ ಮುಖ ನೋಡದೆ ಕಿಟಕಿಯ ಕಡೆ ತಿರುಗಿದ. “ಇನ್ನು ಸ್ವಲ್ಪ ದಿನ ಹೋದ್ರೆ ಅವರು ಅವರಾಗಿರಲ್ಲ. ಅವರು ಅವರಾಗಿರೋವಾಗ್ಲೇ ನೋಡ್ಕೊಂಡ್ಬಿಡು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ನಾನೇ ಹೇಳಿ ಕಳಿಸ್ತೀನಿ. ಇನ್ನೊಂದು, ಇದು ಅವರ ಕಿವಿಗೆ ಬೀಳಬಾರ್ದು. ಬಿದ್ರೆ ಎಲ್ಲ ಕೆಟ್ಟುಹೋಗುತ್ತೆ.”

ಮುಂಗಡವನ್ನು ಮೇಜಿನ ಮೇಲಿಟ್ಟು, ಮುಸುಕು ಎಳೆದುಕೊಂಡು ಇಳಿದುಹೋದ. ಪರದೆಯ ಹಿಂದೆ ಬೇಳೆ ಬೇಯಿಸುತ್ತಿದ್ದ ನೇವಿಯಾ ಸೌಟು ಹಿಡಿದೇ ಹೊರಗೆ ಬಂದಳು.

“ಕೇಳಿಸ್ತಾ?” ಎಂದಳು.

“ಕೇಳಿಸ್ತು.”

“ದೊಡ್ಡಪ್ಪನಿಗೆ ಮಕ್ಕಳಿಲ್ಲ. ಉಯಿಲಲ್ಲಿ ಇವನದೇ ಹೆಸರು, ಊರಿಗೆಲ್ಲ ಗೊತ್ತು. ಮುದುಕ ಯಾವಾಗ ಸಾಯ್ತಾನೆ ಅಂತ ಇವನಿಗೆ ಯಾರು ಹೇಳಿದ್ರು? ದ್ರಾಕ್ಷಿ ಬಂದು ಹೇಳ್ತಾ?”

“ಹುಷಾರಿಲ್ದೆ ಇರಬಹುದು ಕಣೇ.”

“ಹೋಗಿ ನೋಡ್ಕೊಂಡು ಬಾ ಹಂಗಾದ್ರೆ. ನಿನ್ನ ಕಣ್ಣಿಗೆ ಸುಳ್ಳು ಹೇಳೋ ಮೈ ಇನ್ನೂ ಹುಟ್ಟಿಲ್ವಲ್ಲ.”

ಸಾಲ್ವಿಯಸ್ ಹೋಗಿ ನೋಡಿದ. ಔಲಸ್ ಕರ್ವೀಲಿಯಸ್ ಎಂದರೆ ಏನು ಕಮ್ಮಿ ಮನುಷ್ಯನಲ್ಲ. ಹಿಸ್ಪಾನಿಯಾದ ಬೆಟ್ಟದ ಬುಡಕಟ್ಟುಗಳನ್ನು ಬಗ್ಗಿಸಿದವನು, ಎರಡು ಸಲ ರಾಜ್ಯದ ಅತಿ ದೊಡ್ಡ ಅಧಿಕಾರವಾದ ಕಾನ್ಸಲ್ ಪದವಿಗೆ ಏರಿದವನು, ಸೆನೆಟಿನಲ್ಲಿ ಎದ್ದು ನಿಂತರೆ ಗುಸುಗುಸು ತಾನಾಗಿ ನಿಲ್ಲುತ್ತಿತ್ತು. ಅನುಮಾನದ ವಿಷಯದಲ್ಲೂ ಅವನನ್ನು ಮೀರಿಸಿದವರಿರಲಿಲ್ಲ. ದಂಡಿನಲ್ಲಿದ್ದಾಗ ತಾನು ಮಲಗುವ ಡೇರೆ ಯಾವುದೆಂದು ಸ್ವಂತ ದಳಪತಿಗಳಿಗೂ ಹೇಳುತ್ತಿರಲಿಲ್ಲವಂತೆ. ಊರಿಗೆ ಬಂದ ಮೇಲೂ ಗೋಡೆಗೆ ಬೆನ್ನು ಕೊಡದೆ ಕೂರುತ್ತಿರಲಿಲ್ಲ. ಹೊಗಳಿದವರನ್ನು ‘ಇವನಿಗೇನು ಬೇಕು’ ಎಂದು ನೋಡುತ್ತಿದ್ದ, ತೆಗಳಿದವರನ್ನು ‘ಇವನಿಗೆ ಯಾರು ಕೊಟ್ಟರು’ ಎಂದು ನೋಡುತ್ತಿದ್ದ. ಇಡೀ ರೋಮಿನಲ್ಲಿ ಅವನು ನಂಬಿದ್ದು ತಮ್ಮನ ಮಗ ಡೆಸಿಮಸ್ ಒಬ್ಬನನ್ನೇ. ತಮ್ಮ ಯುದ್ಧದಲ್ಲಿ ಸತ್ತ ಮೇಲೆ ಎತ್ತಿ ಬೆಳೆಸಿದ ಹುಡುಗ, ದಿನಾ ಒಟ್ಟಿಗೆ ಊಟ.

ಅವನ ನಡಿಗೆ ನಟನಿಗೆ ಹಬ್ಬ. ನಾಲ್ಕು ಬಿರುಸು ಹೆಜ್ಜೆ, ಆಮೇಲೆ ಥಟ್ಟನೆ ನಿಲುಗಡೆ, ಎಡ ಹೆಗಲ ಮೇಲಿಂದ ಹಿಂದಕ್ಕೊಂದು ನೋಟ, ಮತ್ತೆ ಬಿರುಸು. ನಿಂತಾಗೆಲ್ಲ ಕೈ ಪಕ್ಕೆಲುಬಿನ ಕೆಳಗೆ ಹೋಗಿ ಒತ್ತಿಕೊಳ್ಳುತ್ತಿತ್ತು. ಹಳೆಯ ಸೈನಿಕನ ಚಾಳಿ, ಇಲ್ಲದ ಕತ್ತಿಯ ಹಿಡಿ ಹುಡುಕುತ್ತಿದೆ ಎಂದು ಸಾಲ್ವಿಯಸ್ ಅಂದುಕೊಂಡ, ಅದನ್ನೂ ಕಲಿತ. ಉಳಿದಂತೆ ಆ ಮನುಷ್ಯ ನಡುಬೀದಿಯಲ್ಲಿ ಹುರಿಗಡಲೆ ಮುಕ್ಕುತ್ತಾ, ಈರುಳ್ಳಿ ಮಾರುವವಳ ಜೊತೆ ಬೆಲೆಗೆ ಜಗಳವಾಡುತ್ತಾ, ಪಾಲಟೀನ್ ಗುಡ್ಡದ ಏರನ್ನು ಹರೆಯದವರಿಗಿಂತ ಮುಂಚೆ ಹತ್ತುತ್ತಿದ್ದ. ಕಾಯಿಲೆಯವನ ಲಕ್ಷಣ ಒಂದೂ ಇರಲಿಲ್ಲ.

“ಕಲ್ಲುಗುಂಡು ಇದ್ದಂಗಿದ್ದಾನೆ,” ಎಂದ ಮನೆಗೆ ಬಂದು.

“ಮುಗೀತಲ್ಲ,” ಎಂದಳು ನೇವಿಯಾ. “ಇನ್ನು ನಿನ್ನ ಕುತ್ತಿಗೆ ವಿಚಾರ ಯೋಚ್ನೆ ಮಾಡು. ಮುದುಕ ಸತ್ತ ದಿನ ಎಲ್ರೂ ಕೇಳೋದು ಇದೇನೆ, ಅವನ ಹಿಂದೆ ಅಲೀತಿದ್ದೋನು ಯಾರು ಅಂತ. ಆ ಹುಡುಗ ನಿನ್ನನ್ನ ಕಂಡೇ ಇಲ್ಲ ಅಂತಾನೆ. ಬಿಡುಗಡೆಯಾದ ಗುಲಾಮನ ಮಾತಾ, ಕಾನ್ಸಲ್ ಮನೆ ಹುಡುಗನ ಮಾತಾ, ನೀನೇ ಹೇಳು.”

ಸಾಲ್ವಿಯಸ್‌ಗೆ ಅಂದು ಬೇಳೆ ಇಳಿಯಲಿಲ್ಲ. ಕೆಲಸ ಬಿಟ್ಟರೆ ಡೆಸಿಮಸ್‌ಗೆ ಅನುಮಾನ ಬರುತ್ತದೆ, ಮುಂದುವರಿಸಿದರೆ ಉಳಿದವರೆಲ್ಲರಿಗೂ. ಹೇಗೆ ತಿರುಗಿದರೂ ತಾನೇ ಸಿಕ್ಕಿಬೀಳುತ್ತೇನೆ ಎಂದು ಅವನಿಗೆ ನಿಜಕ್ಕೂ ಭಯ ಹತ್ತಿತು. ಭಯದಲ್ಲೇ ಬೇಸಿಗೆಯವರೆಗೂ ಕರ್ವೀಲಿಯಸ್‌ನ ಬೆನ್ನು ಹಿಡಿದ.

ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಕರ್ವೀಲಿಯಸ್‌ನಂಥವನಿಗೆ ತಿಳಿಯಲು ಅಷ್ಟು ಕಾಲ ಹಿಡಿದದ್ದೇ ಆಶ್ಚರ್ಯ. ಊರವರ ಸ್ನಾನಗೃಹದ ಬಾಗಿಲಲ್ಲಿ ಇಬ್ಬರು ಹಳೆಯ ಸಿಪಾಯಿಗಳು ಸಾಲ್ವಿಯಸ್‌ನ ರಟ್ಟೆ ಹಿಡಿದು ನೇರ ಕರ್ವೀಲಿಯಸ್‌ನ ಮನೆಯ ಹಜಾರಕ್ಕೆ ತಂದು ನಿಲ್ಲಿಸಿದರು. ಗೋಡೆಯ ಗೂಡುಗಳಲ್ಲಿ ಮನೆತನದ ಸತ್ತವರ ಮೇಣದ ಮುಖಗಳು ಸಾಲಾಗಿದ್ದವು. ಅವುಗಳ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ಔಲಸ್ ಕರ್ವೀಲಿಯಸ್ ಕೂತಿದ್ದ.

“ನೀನು ಯಾರು ಅಂತ ಗೊತ್ತು ನಂಗೆ. ಹೆಣದ ಮುಂದೆ ಕುಣಿಯೋನು. ನಾನಿನ್ನೂ ಸತ್ತಿಲ್ಲ, ಗೊತ್ತಾ?”

“ದೇವರು ನಿಮ್ಮನ್ನ ನೂರು ವರ್ಷ ಇಡ್ಲಿ ಸ್ವಾಮಿ.”

“ಆ ಮಾತಿಗೆ ಬೇರೆ ಕಡೆ ಕೂಲಿ ಸಿಗುತ್ತೆ, ಇಲ್ಲಿ ಸಿಗಲ್ಲ. ನನ್ನಿಂದ ಏನು ಕದ್ದಿದ್ದೀಯೋ ಅದನ್ನ ತೋರ್ಸು.”

ತೋರಿಸದೆ ಬೇರೆ ದಾರಿಯಿರಲಿಲ್ಲ. ಸಾಲ್ವಿಯಸ್ ಹಜಾರದ ಉದ್ದಕ್ಕೂ ನಡೆದ. ಬಿರುಸು ಹೆಜ್ಜೆ, ನಿಲುಗಡೆ, ಕೈ ಪಕ್ಕೆಗೆ, ಎಡ ಹೆಗಲ ಮೇಲಿಂದ ನೋಟ. ಈರುಳ್ಳಿಯವಳಿಗೆ ಬೈದ. ಸಿಪಾಯಿಗಳಲ್ಲೊಬ್ಬ ನಗು ತಡೆಯಲಾರದೆ ಕೆಮ್ಮಿದ. ಕರ್ವೀಲಿಯಸ್ ನಗಲಿಲ್ಲ. ತನ್ನದೇ ಮೈ ಎದುರಿಗೆ ಅಡ್ಡಾಡುವುದನ್ನು ಕಣ್ಣು ಕೀಲಿಸಿ ನೋಡಿದ.

“ನಾನು ಹೀಗೆ ತಿರುಗಿ ತಿರುಗಿ ನೋಡ್ತೀನೇನ್ರೋ?” ಎಂದು ಸಿಪಾಯಿಗಳನ್ನು ಕೇಳಿದ. ಇಬ್ಬರೂ ನೆಲ ನೋಡಿದರು.

ಆಮೇಲೆ ಸಾಲ್ವಿಯಸ್‌ನನ್ನು ಹತ್ತಿರ ಕರೆದ. “ಈಗ ಹೇಳು, ನಿನ್ನನ್ನ ಕಳಿಸಿದ್ದು ಯಾರು? ಸುಳ್ಳು ಹೇಳಿದ್ರೆ ನನ್ನ ಜನಕ್ಕೆ ನಿಜ ಹೊರಡಿಸೋಕೆ ಬರುತ್ತೆ.”

“ನಿಮ್ಮ ತಮ್ಮನ ಮಗ, ಸ್ವಾಮಿ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಕೇಳಿದ್ದಕ್ಕೆ ಉತ್ತರ ಕೊಟ್ಟಾಗಿತ್ತು, ಅದು ನಿಜವೂ ಆಗಿತ್ತು. ಆದರೆ ಎದುರಿಗಿದ್ದ ಕಣ್ಣು ತನ್ನ ಮೇಲಿಂದ ಸರಿಯುತ್ತಿಲ್ಲ, ಅದು ಬೇರೆ ಯಾರ ಮೇಲಾದರೂ ಹೋದರೆ ಸಾಕು ಎಂದು ಸಾಲ್ವಿಯಸ್‌ನ ಜೀವ ಹೊಡೆದುಕೊಳ್ಳುತ್ತಿತ್ತು. ಬಾಯಿ ತಾನಾಗಿ ಮುಂದುವರಿಯಿತು.

“ದ್ರಾಕ್ಷಿ ಕೊಯ್ಲಿಗೆ ಹೇಳಿ ಕಳಿಸ್ತೀನಿ ಅಂದ್ರು. ಅಷ್ಟೊತ್ತಿಗೆ ನೀವು ನೀವಾಗಿರಲ್ಲ ಅಂದ್ರು. ನಿಮಗೆ ಗೊತ್ತಾಗಬಾರ್ದು ಅಂತ್ಲೂ ಅಂದ್ರು. ನೋಡಿದ್ರೆ ನೀವು ಕಲ್ಲುಗುಂಡು ಇದ್ದಂಗಿದ್ದೀರ. ದಿನ ಹೆಂಗೆ ಗೊತ್ತು ಅವರಿಗೆ ಅಂತ ನಂಗೇ ಅನುಮಾನ ಬಂತು ಸ್ವಾಮಿ.”

ಕರ್ವೀಲಿಯಸ್‌ನ ಕೈ ನಿಧಾನವಾಗಿ ಪಕ್ಕೆಲುಬಿನ ಕೆಳಗೆ ಹೋಯಿತು, ಅಲ್ಲೇ ಒತ್ತಿ ಹಿಡಿಯಿತು.

“ಒಟ್ಟಿಗೆ ಊಟ ಮಾಡ್ತೀವಿ ನಾವು,” ಎಂದ, ಯಾರಿಗೂ ಅಲ್ಲದ ಹಾಗೆ. “ನನ್ನ ಬಟ್ಟಲಿಗೆ ಹೆಂಡ ಅವನೇ ಬಗ್ಗಿಸ್ತಾನೆ.”

ಸಾಲ್ವಿಯಸ್‌ನನ್ನು ಬಿಟ್ಟು ಕಳಿಸಿದರು. ಮನೆ ಮುಟ್ಟುವಾಗ ಅವನ ಎದೆ ಹಗುರಾಗಿತ್ತು, ಅದನ್ನೂ ಹೇಳಲೇಬೇಕು. ಒಬ್ಬ ದೊಡ್ಡ ಮನುಷ್ಯನ ಪ್ರಾಣ ಉಳಿಸಿದೆ ಎಂದು ನೇವಿಯಾಳ ಮುಂದೆ ಕೊಂಚ ಮೆರೆದ. ಅವಳು ಒಳ್ಳೆಯ ಮಾಂಸ ತಂದು ಬೇಯಿಸಿದಳು.

ಆ ಮನೆಯಲ್ಲಿ ಮುಂದೆ ನಡೆದದ್ದು ಊರಿಗೆಲ್ಲ ಗೊತ್ತು. ದೊಡ್ಡಪ್ಪ ಸಿಪಾಯಿಗಳನ್ನು ಎರಡೂ ಕಡೆ ನಿಲ್ಲಿಸಿಕೊಂಡು ಹುಡುಗನನ್ನು ಕೇಳಿದ. ಅದಕ್ಕೆ ಡೆಸಿಮಸ್, ನಿಮಗೆ ಹೊಟ್ಟೆಯೊಳಗೆ ಗೆಡ್ಡೆಯಿದೆಯೆಂದು ವೈದ್ಯರು ಹೇಳಿದರು, ನಿಮಗೆ ಹೇಳಲು ನನಗೆ ಮನಸ್ಸಾಗಲಿಲ್ಲ ಎಂದ. ಮನೆಯ ಗ್ರೀಕ್ ವೈದ್ಯನನ್ನು ಎಳೆತಂದರು. ವೈದ್ಯ ಗಡಗಡ ನಡುಗುತ್ತಾ, ಅಂಥ ಮಾತು ನಾನು ಆಡಿಯೇ ಇಲ್ಲ, ಧಣಿಗಳ ಮೈ ಕಬ್ಬಿಣ ಎಂದು ದೇವರ ಮೇಲೆ ಆಣೆಯಿಟ್ಟ. ಅಲ್ಲಿಗೆ ಮಾತು ಮುಗಿಯಿತು. ಉಯಿಲು ಬದಲಾಯಿತು, ಹುಡುಗನಿಗೆ ಆ ಮನೆಯ ಹೊಸ್ತಿಲು ಮುಚ್ಚಿತು, ಮನೆತನದ ಹೆಸರನ್ನು ಎಲ್ಲೂ ಹೇಳಿಕೊಳ್ಳಬಾರದೆಂದು ಕಟ್ಟಪ್ಪಣೆಯಾಯಿತು. ಆಸ್ತಿಯೆಲ್ಲ ಕರ್ವೀಲಿಯಸ್‌ನ ಎಂದೋ ತೀರಿಕೊಂಡ ಹೆಂಡತಿಯ ತಮ್ಮನ ಪಾಲಾಯಿತು.

ಅಲ್ಲಿಂದ ಕರ್ವೀಲಿಯಸ್ ಯಾರು ಬೇಯಿಸಿದ್ದನ್ನೂ ತಿನ್ನಲಿಲ್ಲ. ತಾನೇ ಸುಲಿದ ಮೊಟ್ಟೆ, ತಾನೇ ಸೇದಿದ ಬಾವಿಯ ನೀರು, ಅಷ್ಟೇ. ಎದ್ದು ನಿಂತರೆ ಸೆನೆಟ್ ಸುಮ್ಮನಾಗುತ್ತಿದ್ದ ಮನುಷ್ಯ ಕಡ್ಡಿಯಾದ, ಮುಖ ಹಳದಿಯಾಯಿತು, ಕಡೆಗೆ ಪಲ್ಲಕ್ಕಿಯಲ್ಲಿ ಹೊತ್ತು ತಂದರೂ ಕೂರಲಾರದಾದ. ‘ವಿಷ ಮೊದಲೇ ಹೊಟ್ಟೆ ಸೇರಿತ್ತು, ಆ ನಟ ಹೇಳದಿದ್ದರೆ ಇಷ್ಟು ದಿನವೂ ಉಳಿಯುತ್ತಿರಲಿಲ್ಲ’ ಎಂದು ಹೆಂಡದಂಗಡಿಯಲ್ಲಿ ತೀರ್ಪಾಯಿತು. ಸಾಲ್ವಿಯಸ್‌ಗೆ ಪುಕ್ಕಟೆ ಹೆಂಡ ಸಿಕ್ಕಿತು. ದ್ರಾಕ್ಷಿ ಕೊಯ್ಲು ಶುರುವಾದ ವಾರ ಕರ್ವೀಲಿಯಸ್ ಸತ್ತ.

ಆಸ್ತಿ ಪಡೆದ ಭಾವಮೈದ ಹೆಣದ ಮುಂದೆ ನಡೆಯಲು ಸಾಲ್ವಿಯಸ್‌ಗೇ ಹೇಳಿ ಕಳಿಸಿದ. ಸತ್ತವನ ಟೋಗಾ ತನ್ನ ಮೈಗೆ ಕೂರುತ್ತದೋ ನೋಡಲು ಸಾಲ್ವಿಯಸ್ ಆ ಮನೆಗೆ ಹೋದಾಗ ಹೆಣ ತೊಳೆದು ಮಲಗಿಸಿದ್ದರು. ಪಕ್ಕದಲ್ಲಿ ಗ್ರೀಕ್ ವೈದ್ಯ ಒಬ್ಬನೇ ನಿಂತಿದ್ದ, ಕಣ್ಣು ಕೆಂಪಗಾಗಿತ್ತು. ಹೆಣದ ಪಕ್ಕೆಲುಬಿನ ಕೆಳಗೆ, ಆ ಕೈ ಯಾವಾಗಲೂ ಹೋಗಿ ಒತ್ತುತ್ತಿದ್ದ ಜಾಗದಲ್ಲೇ, ಬಾತುಕೋಳಿಯ ಮೊಟ್ಟೆಯಷ್ಟು ದಪ್ಪದ ಗೆಡ್ಡೆ ಚರ್ಮವನ್ನು ಎತ್ತಿ ಹಿಡಿದಿತ್ತು.

ಸಾಲ್ವಿಯಸ್ ಅದನ್ನೇ ನೋಡುತ್ತಾ ನಿಂತ. ವೈದ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಚಳಿಗಾಲದಲ್ಲೇ ಕೈಗೆ ಸಿಕ್ಕಿತ್ತು ನಂಗೆ. ಹುಡುಗನಿಗೆ ಹೇಳಿದ್ದೆ, ದ್ರಾಕ್ಷಿ ಕೊಯ್ಲು ದಾಟೋದು ಕಷ್ಟ ಅಂತ. ಅವನು ಇದೇ ಕಂಬಕ್ಕೆ ಒರಗಿ ಅತ್ತ. ದೊಡ್ಡಪ್ಪ ಬತ್ತಿಹೋದ್ಮೇಲೆ ಜನ ಆ ರೂಪಾನೇ ನೆನಪಿಟ್ಕೋತಾರೆ, ಗಟ್ಟಿಯಾಗಿದ್ದಾಗಿನ ನಡಿಗೇನ ಯಾರಾದ್ರೂ ಹಿಡಿದಿಡ್ಬೇಕು ಅಂತಿದ್ದ.”

“ಮತ್ತೆ ಅವತ್ತು ಯಾಕಯ್ಯ ಇಲ್ಲ ಅಂದೆ?”

“ಗೊತ್ತಿದ್ದೂ ಮುಚ್ಚಿಟ್ಟೆ ಅಂದ್ರೆ ವಿಷ ಹಾಕಿದೋನು ನಾನೇ ಅಂತಿದ್ರು.” ವೈದ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನೀನು ಇದನ್ನ ಯಾರಿಗೂ ಹೇಳಲ್ಲ ತಾನೆ?”

ಅವನು ಅವನಾಗಿರುವಾಗಲೇ ನೋಡಿಕೋ ಎಂದು ಆ ಹುಡುಗ ಹೇಳಿದ್ದ. ಕಿಟಕಿಯ ಕಡೆ ತಿರುಗಿದ್ದು ಕಣ್ಣೀರು ಮರೆಸಲು. ಮೈ ಸುಳ್ಳು ಹೇಳುವುದಿಲ್ಲ ಎಂದು ಬೀಗುತ್ತಿದ್ದ ಸಾಲ್ವಿಯಸ್ ಎರಡು ಮೈಗಳನ್ನೂ ತಪ್ಪಾಗಿ ಓದಿದ್ದ. ನೋವನ್ನು ಕತ್ತಿಯ ಹಿಡಿ ಅಂದುಕೊಂಡಿದ್ದ, ದುಃಖವನ್ನು ಸಂಚು ಅಂದುಕೊಂಡಿದ್ದ. ಮನೆಗೆ ಬಂದು ಎಲ್ಲವನ್ನೂ ನೇವಿಯಾಳಿಗೆ ಹೇಳಿದ.

“ಸತ್ತೋನು ಎದ್ದು ಬರಲ್ಲ, ಬರೆದ ಉಯಿಲು ತಿರುಗಲ್ಲ,” ಎಂದಳು ಅವಳು. “ಆ ಭಾವಮೈದ ಎಂಥೋನು ಅಂತ ಗೊತ್ತಲ್ಲ. ಬಾಯಿ ಮುಚ್ಕೊಂಡು ನಡೆದು ಬಂದ್ಬಿಡು.”

“ನಾಳೆ ಬಾಯಿ ನಂದಲ್ವಲ್ಲ. ಅವನದು.”

“ಏಟು ಬೀಳೋ ಬೆನ್ನು ನಿಂದೇ ಕಣೋ.”

ಮರುದಿನ ಕೊಳಲಿನವರು ಮುಂದೆ, ಬಾಡಿಗೆಗೆ ಅಳುವ ಹೆಂಗಸರು ಅವರ ಹಿಂದೆ, ಮನೆತನದ ಹಿರಿಯರ ಮುಖವಾಡ ಹಾಕಿದವರು ರಥಗಳಲ್ಲಿ, ಆಮೇಲೆ ಕಾನ್ಸಲ್‌ನ ಟೋಗಾ ಹೊದ್ದ ಸಾಲ್ವಿಯಸ್, ಅವನ ಹಿಂದೆ ಹೆಣ. ಅವತ್ತು ಅವನು ನಡೆದ ಹಾಗೆ ಹಿಂದೆಂದೂ ನಡೆದಿರಲಿಲ್ಲ ಎಂದು ನೋಡಿದವರು ಈಗಲೂ ಹೇಳುತ್ತಾರೆ. ವಸಂತದ ಕರ್ವೀಲಿಯಸ್ ಬೀದಿಯಲ್ಲಿ ಬಂದ. ಈರುಳ್ಳಿಯವಳಿಗೆ ಬೈದ, ಅವಳು ನಕ್ಕು, ಸೆರಗು ಬಾಯಿಗೊತ್ತಿ ಅತ್ತಳು. ಥಟ್ಟನೆ ನಿಂತು ಹಿಂತಿರುಗಿ ನೋಡಿದಾಗ ಹಳೆಯ ಸಿಪಾಯಿಗಳು ತಾವಾಗಿ ಸೆಟೆದು ನಿಂತರು. ಪಕ್ಕೆಗೆ ಕೈ ಒತ್ತುವುದನ್ನು ಮಾತ್ರ ಅವನು ಮಾಡಲಿಲ್ಲ, ಅವನಿಂದಾಗಲಿಲ್ಲ.

ಫೋರಂನ ಅಂಚಿನಲ್ಲಿ, ಗುಂಪಿನ ಹಿಂದೆ, ಕಪ್ಪು ಹೊದಿಕೆಯಲ್ಲಿ ಡೆಸಿಮಸ್ ನಿಂತಿದ್ದ. ಗಡ್ಡ ಬೆಳೆದಿತ್ತು, ಬಹಳ ಇಳಿದುಹೋಗಿದ್ದ. ಮೆರವಣಿಗೆಗೆ ಸೇರುವ ಹಕ್ಕು ಅವನಿಗಿರಲಿಲ್ಲ. ಪರಸ್ಥಳದವನ ಹಾಗೆ ನೋಡಲು ಬಂದಿದ್ದ.

ಸಾಲ್ವಿಯಸ್ ನಿಂತ. ಹಿಂದೆ ಹೆಣ ಹೊತ್ತವರೂ ನಿಲ್ಲಬೇಕಾಯಿತು. ಕೊಳಲು ತಡವರಿಸಿ ನಿಂತುಹೋಯಿತು. ಸತ್ತವನ ಭಾವಮೈದ ಹಿಂದಿನಿಂದ ‘ನಡಿ, ನಡಿ’ ಎಂದು ಹಲ್ಲು ಕಡಿಯುತ್ತಿದ್ದ. ಸಾಲ್ವಿಯಸ್ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಮೇಣದ ಮುಖದೊಳಗಿಂದ ಸತ್ತವನ ದನಿಯಲ್ಲಿ, ಇಡೀ ಫೋರಂಗೆ ಕೇಳುವ ಹಾಗೆ ಕರೆದ.

“ಡೆಸಿಮಸ್, ಅಲ್ಲೇನೋ ಮಾಡ್ತಿದ್ದೀಯ ಬೀದೀಲಿ ಹೋಗೋನ ಹಾಗೆ? ಮುದುಕನ ತಲೆ ಕೆಟ್ಟಿತ್ತು ಕಣೋ. ನೀನು ಹೇಳಿದ್ದೇ ನಿಜ, ತಪ್ಪು ನಂದು. ಬಾ, ಪಕ್ಕದಲ್ಲಿ ನಡಿ.”

ಗುಂಪು ತಾನಾಗಿ ಸೀಳಿ ದಾರಿ ಬಿಟ್ಟಿತು. ಡೆಸಿಮಸ್‌ನ ಕಾಲುಗಳು ತಾವಾಗಿ ಎದ್ದವು. ಚಿಕ್ಕಂದಿನಿಂದ ಆ ದನಿ ಕರೆದಾಗಲೆಲ್ಲ ಓಡಿದವನು ಅವನು. ಅವನ ಮುಖದಲ್ಲಿ ಅಷ್ಟು ಸಂತೋಷ ಒಮ್ಮೆಲೇ ಬಂದದ್ದು ಕಂಡು ಸಾಲ್ವಿಯಸ್‌ನ ಕಣ್ಣು ಮುಖವಾಡದೊಳಗೇ ತುಂಬಿದವು. ಡೆಸಿಮಸ್ ತೀರ ಹತ್ತಿರ ಬಂದ. ಬಂದು, ಮೇಣದ ಮುಖದ ತೂತುಗಳೊಳಗೆ ಬೇರೆಯವನ ಕಣ್ಣುಗಳನ್ನು ಕಂಡ.

“ಚೆನ್ನಾಗಿ ಕಲ್ತಿದ್ದೀಯ,” ಎಂದ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. “ಈ ಸಲ ಕಳಿಸಿದ್ದು ಯಾರು ನಿನ್ನನ್ನ?”

“ಯಾರೂ ಇಲ್ಲ ಸ್ವಾಮಿ,” ಎಂದ ಸಾಲ್ವಿಯಸ್, ತನ್ನ ಸ್ವಂತ ದನಿಯಲ್ಲಿ. “ನಾನೇ ಹೇಳಿದ್ದು.”

ಡೆಸಿಮಸ್ ಅವನ ಮೈಯನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದ. ಆಮೇಲೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ಬಂದ ದಾರಿಯಲ್ಲೇ ಹೊರಟುಹೋದ. ಅವನು ನಂಬಲಿಲ್ಲ.